ಮೂರನೆಯ ದೃಶ್ಯದ ಅರ್ಧ ಸಾಲು

ಆಗಸ್ಟ್ ಕೊನೆಗೆ, ಆವಣಿ ತಿಂಗಳ ಎರಡನೆಯ ಶುಕ್ರವಾರ, ನಮ್ಮ ಯಜಮಾನರು ತೀರಿಕೊಂಡರು. ನಮಗೆ ಅದು ಗೊತ್ತಾದಾಗ ರಾತ್ರಿ ಒಂಬತ್ತಕ್ಕೆ ಐದು ನಿಮಿಷವಿತ್ತು. ನಾನು ಅವರಿಗೆಂದು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ನಾಟಕ ನೋಡಿ ಬಂದ ದಿನ ಅವರು ಅನ್ನ ಉಣ್ಣುತ್ತಿರಲಿಲ್ಲ. ಫೋನ್ ತೆಗೆದುಕೊಂಡವನು ಮಗ ಕಾರ್ತಿಕೇಯನ್. ಆ ಕಡೆಯಿಂದ ಮಾತನಾಡಿದವನು ಮಯಿಲ್‌ಸಾಮಿ, ಆರ್.ಎಸ್. ಪುರಂನ ನಾಟಕ ಸಭಾದ ಬಾಗಿಲಲ್ಲಿ ಟಿಕೆಟ್ ಹರಿಯುವವನು. ಮಗ ಫೋನ್ ಇಟ್ಟು ಗಾಡಿಯ ಬೀಗದ ಕೈಯನ್ನು ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು. ಅದನ್ನು ನೋಡಿ ನಾನು ಒಲೆ ಆರಿಸಿದೆ.

ನಾಟಕ ಮುಗಿದು ದೀಪ ಹಾಕಿದ ಮೇಲೆ ಜನರೆಲ್ಲ ಎದ್ದು ಹೋದರಂತೆ. ಮೊದಲ ಸಾಲಿನಲ್ಲಿ ಒಬ್ಬರು ಮಾತ್ರ ಕುಳಿತೇ ಇದ್ದರಂತೆ. ಬರೆಯುತ್ತಿದ್ದಾರೆ ಎಂದುಕೊಂಡು ಮಯಿಲ್‌ಸಾಮಿ ಸ್ವಲ್ಪ ಹೊತ್ತು ಬಿಟ್ಟ. ಆಮೇಲೆ ಹೋಗಿ ಭುಜ ಮುಟ್ಟಿದ. ಭುಜ ತಣ್ಣಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, ಜೀವ ಹೋಗಿ ಬಹಳ ಹೊತ್ತಾಗಿದೆ, ಇಷ್ಟೇ ಗಂಟೆಗೆ ಎಂದು ಹೇಳಲಾಗುವುದಿಲ್ಲ ಎಂದರು. ಕಾಗದದಲ್ಲಿ ಮಾತ್ರ, ತಾವು ನೋಡಿದ ಹೊತ್ತನ್ನು, ಒಂಬತ್ತು ಇಪ್ಪತ್ತು ಎಂದು ಬರೆದುಕೊಟ್ಟರು.

ಅವರ ಹೆಸರು ಲಿಂಗಪ್ಪನ್. ನಾವು ದೇವಾಂಗದವರು, ಮೂರು ತಲೆಮಾರಿನಿಂದ ಕೊಯಮತ್ತೂರಿನ ಸೆಲ್ವಪುರಂನಲ್ಲಿ ಇರುವವರು. ಸೀರೆಯ ಅಂಚಿನ ಚಿತ್ರಕ್ಕೆ ತಕ್ಕಂತೆ ಮಗ್ಗಕ್ಕೆ ಹಾಕುವ ರಟ್ಟಿನ ಅಟ್ಟೆಗಳಲ್ಲಿ ತೂತು ಹೊಡೆಯುವುದು ಅವರ ಕೆಲಸವಾಗಿತ್ತು. ಒಂದು ತೂತು ತಪ್ಪಿದರೆ ಸೀರೆಯುದ್ದಕ್ಕೂ ನವಿಲಿನ ಕಣ್ಣು ಕುರುಡಾಗುತ್ತದೆ. ಅಂಥ ಕೆಲಸ ಮಾಡಿದ ಮನುಷ್ಯ. ಕಣ್ಣು ಸೋತ ಮೇಲೆ ಅದನ್ನು ಬಿಟ್ಟರು. ನಾಟಕ ನೋಡುವುದನ್ನು ಬಿಡಲಿಲ್ಲ. ಹನ್ನೆರಡು ವರ್ಷದಿಂದ ಸಭಾದವರ ತಿಂಗಳ ಹಾಳೆಗೆ ವಿಮರ್ಶೆ ಬರೆಯುತ್ತಿದ್ದರು. ಕೊಯಮತ್ತೂರಾಗಲಿ, ತಿರುಪ್ಪೂರಾಗಲಿ, ಮೆಟ್ಟುಪಾಳ್ಯವಾಗಲಿ, ಎಲ್ಲಿ ಪರದೆ ಏರಿದರೂ ಬಸ್ಸು ಹತ್ತಿ ಹೋಗುತ್ತಿದ್ದರು. ಪ್ರತಿ ಪೊಂಗಲ್‌ಗೆ ಒಂದು ಹೊಸ ನೋಟ್‌ಬುಕ್.

ನಾನು ಒಂದು ದಿನವೂ ಜೊತೆಗೆ ಹೋಗಲಿಲ್ಲ. ಸಂಜೆ ದೀಪ ಹಚ್ಚಿ ಚೌಡೇಶ್ವರಿಯ ಮುಂದೆ ಕುಳಿತರೆ ನನಗೆ ಏಳುವ ಮನಸ್ಸಾಗುತ್ತಿರಲಿಲ್ಲ. ಬಣ್ಣ ಹಚ್ಚಿಕೊಂಡು ಅಳುವವರನ್ನು ನೋಡುವುದು ಏಕೆ ಎಂದು ಅವರನ್ನು ಕೇಳುತ್ತಿದ್ದೆ. ಆ ಶುಕ್ರವಾರ ಮಧ್ಯಾಹ್ನ ಅವರು ಎಡ ಭುಜ ನೋಯುತ್ತದೆ ಎಂದರು. ತೈಲ ಹಚ್ಚಿ ತಿಕ್ಕಿದೆ. ಇವತ್ತು ಹೋಗಬೇಡಿ ಎನ್ನಬೇಕೆಂದು ಬಾಯಿಗೆ ಬಂದಿತ್ತು. ಅವರು ಮನೆಯಲ್ಲಿದ್ದರೆ ಟಿ.ವಿ. ಹಾಕುತ್ತಾರೆ, ನನ್ನ ಪೂಜೆ ಕೆಡುತ್ತದೆ ಎಂದು ಸುಮ್ಮನಾದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಮೂರನೆಯ ದಿನ ಬೂದಿ ತಂದ ಮೇಲೆ ಪುರೋಹಿತರು ಪಂಚಾಂಗ ತೆಗೆದರು. ಆಗ ತೊಡಕು ಕಂಡಿತು. ನಮ್ಮಲ್ಲಿ ಜೀವ ಹೋದ ಗಳಿಗೆಯಲ್ಲಿ ಯಾವ ತಿಥಿ ಇತ್ತೋ ಆ ತಿಥಿಯಲ್ಲೇ ವರ್ಷವರ್ಷವೂ ಪಿಂಡ ಇಡಬೇಕು. ತಿಥಿ ತಪ್ಪಿದರೆ ಇಟ್ಟದ್ದು ಹೋದವರಿಗೆ ಮುಟ್ಟುವುದಿಲ್ಲ ಎಂದು ನಾನು ಹುಟ್ಟಿದಾಗಿನಿಂದ ಕೇಳಿ ನಂಬಿದ್ದೇನೆ. ಆ ಶುಕ್ರವಾರ ಶುಕ್ಲಪಕ್ಷದ ದಶಮಿ. ಸಂಜೆ ಏಳು ನಲವತ್ತಾರಕ್ಕೆ ದಶಮಿ ಮುಗಿದು ಏಕಾದಶಿ ಹಿಡಿದಿತ್ತು. ನಾಟಕ ಶುರುವಾದದ್ದು ಆರು ನಲವತ್ತಕ್ಕೆ, ಮುಗಿದದ್ದು ಎಂಟು ನಲವತ್ತಕ್ಕೆ. ನಡುವೆ ವಿರಾಮವಿಲ್ಲದ ನಾಟಕ. ಆ ಎರಡು ಗಂಟೆಯ ಕತ್ತಲಲ್ಲಿ ಅವರು ಯಾವಾಗ ಹೋದರೋ ನೋಡಿದವರಿಲ್ಲ.

ಪುರೋಹಿತರು ಯೋಚಿಸಿ ಹೇಳಿದರು: "ಗೊತ್ತಾದ ಗಳಿಗೇನೇ ಹಿಡಿಯೋಣ ಅಮ್ಮಾ. ಶಾಸ್ತ್ರದಲ್ಲಿ ಅದಕ್ಕೆ ಇಡಂ ಇದೆ, ಹಾಗೆ ಮಾಡಬಹುದು. ಏಕಾದಶಿ ಸಿಕ್ಕುತ್ತೆ. ಎಷ್ಟು ಜನಕ್ಕೆ ಸಿಕ್ಕುತ್ತೆ ಹೇಳಿ?"

ನನಗೂ ಆಸೆಯಾಗಲಿಲ್ಲ ಎನ್ನಲಾರೆ. ಏಕಾದಶಿಯಲ್ಲಿ ಹೋಗುವುದು ಪುಣ್ಯವಂತರಿಗೆ. ಆದರೆ ಆ ನಿಯಮ ಪರದೇಶದಲ್ಲಿ, ಕಾಡಿನಲ್ಲಿ, ಕಡಲಿನಲ್ಲಿ ಸತ್ತವರದು. ಸುದ್ದಿ ಮಾತ್ರ ಮನೆಗೆ ಬಂದವರದು. ಇವರು ಮನೆಯಿಂದ ಮೂರು ಮೈಲಿಯಲ್ಲಿ, ಇನ್ನೂರು ಜನರ ನಡುವೆ ಕುಳಿತು ಹೋದವರು. ಅವರನ್ನು ಯಾರೂ ಇಲ್ಲದ ಕಡೆ ಸತ್ತವರ ಜೊತೆ ಸೇರಿಸಲು ನನಗೆ ಮನಸ್ಸು ಬರಲಿಲ್ಲ. ಸುಲಭ ಎಂದು ಬಾರದ ಪುಣ್ಯವನ್ನು ಅವರ ಹೆಸರಿಗೆ ಕಟ್ಟಿ, ಅದರಿಂದ ಅವರಿಗೆ ಪಿಂಡವೇ ಮುಟ್ಟದೆ ಹೋದರೆ? ವರ್ಷದ ತಿಥಿಯೊಳಗೆ ತಿಳಿದು ಹೇಳುತ್ತೇನೆ ಎಂದೆ. ತಿಂಗಳ ಪಿಂಡಗಳನ್ನು ಅಲ್ಲಿಯವರೆಗೆ ಅಮಾವಾಸ್ಯೆಗೆ ಇಟ್ಟುಕೊಂಡೆವು. ಹೇಗೆ ತಿಳಿಯುತ್ತೀ ಎಂದು ಮಗ ಕೇಳಿದ. ನನಗೂ ಗೊತ್ತಿರಲಿಲ್ಲ.

ಹನ್ನೊಂದನೆಯ ದಿನ ಮಯಿಲ್‌ಸಾಮಿ ನೋಟ್‌ಬುಕ್ ತಂದುಕೊಟ್ಟ. ಕುರ್ಚಿಯ ಕೆಳಗೆ ಬಿದ್ದಿತ್ತಂತೆ. ಅವನು ನಮ್ಮಂತೆಯೇ ಮನೆಯಲ್ಲಿ ಕನ್ನಡ ಮಾತನಾಡುವ ಒಕ್ಕಲು ಕುಲದವನು. ಯಜಮಾನರನ್ನು ಅಣ್ಣ ಎಂದೇ ಕರೆಯುತ್ತಿದ್ದ. ನನಗೆ ತಮಿಳು ಓದಲು ಬರುತ್ತದೆ, ಬರೆಯುವುದು ಮಾತ್ರ ಕೈಗೆ ಹತ್ತಲಿಲ್ಲ. ಕೊಳ್ಳೇಗಾಲದಲ್ಲಿ ಮೇಷ್ಟರಾಗಿದ್ದ ನಮ್ಮ ತಂದೆ ಕಲಿಸಿದ ಕನ್ನಡವೇ ನನ್ನ ಬರಹ. ಅವರು ತಮಿಳಿನಲ್ಲಿ ಬರೆದಿದ್ದ ಪುಟ ಪುಟವನ್ನೂ ನಿಧಾನವಾಗಿ ಓದಿದೆ. ಪೊಂಗಲ್‌ನಿಂದ ಆವಣಿಯವರೆಗೆ ಹತ್ತು ನಾಟಕ. ಒಂದು ದೃಶ್ಯಕ್ಕೆ ಒಂದು ಸಾಲು. ಕತ್ತಲಲ್ಲಿ ಬರೆದ ಸಾಲುಗಳು ಇಳಿಜಾರಿನಲ್ಲಿ ಹೋದ ಹಾಗೆ ಕೆಳಕ್ಕೆ ಹೋಗಿದ್ದವು. ಕೊನೆಯ ನಾಟಕದಲ್ಲಿ ಎರಡು ಸಾಲು ಪೂರ್ತಿ ಇದ್ದವು. ಮೂರನೆಯದು ಹೀಗಿತ್ತು: "ಮೂರನೆಯ ದೃಶ್ಯ. ಕಾವಲುಗಾರನ ಎದುರು ಈ ಹೆಂಗಸಿನ ಧ್ವನಿ". ಅಷ್ಟೇ. ಧ್ವನಿ ಹೇಗಿತ್ತು ಎಂದು ಬರೆದಿರಲಿಲ್ಲ.

ಅವರು ಸಾಲನ್ನು ಬರೆಯುತ್ತಿದ್ದುದು ಯಾವಾಗ? ದೃಶ್ಯ ನಡೆಯುವಾಗಲೋ, ಮುಗಿದು ಕತ್ತಲಾದ ಮೇಲೋ, ಅಥವಾ ಮುಂದಿನ ದೃಶ್ಯ ಶುರುವಾದ ಮೇಲೆ ಹಿಂದಿನದನ್ನು ನೆನೆದೋ? ಅದು ಗೊತ್ತಾದರೆ, ಮತ್ತು ಆ ಮೂರನೆಯ ದೃಶ್ಯ ಎಷ್ಟು ಗಂಟೆಗೆ ಮುಗಿಯಿತೆಂದು ಗೊತ್ತಾದರೆ, ತಿಥಿ ಗೊತ್ತಾಗುತ್ತದೆ. ಪ್ರೇಕ್ಷಕರ ಮೊದಲ ಸಾಲಿನಲ್ಲಿ ಸಾವಾಯಿತೆಂದು ತಂಡದವರು ಆ ನಾಟಕವನ್ನು ಎತ್ತಿಟ್ಟಿದ್ದರು. ಉಳಿದ ಒಂಬತ್ತು ನಾಟಕಗಳು ಅಲ್ಲಲ್ಲಿ ಮತ್ತೆ ನಡೆಯುತ್ತಿದ್ದವು. ನೋಟ್‌ಬುಕ್ ಹಿಡಿದು ಅವುಗಳನ್ನು ನೋಡಿದರೆ ಅವರ ಕೈಯ ನಡೆ ತಿಳಿಯುತ್ತದೆ.

ಗಂಡ ಹೋದ ವರ್ಷ ನಮ್ಮಲ್ಲಿ ಹೆಂಗಸು ಮದುವೆ ಮನೆಗೂ ಹೋಗುವುದಿಲ್ಲ, ದೇವಸ್ಥಾನದ ಉತ್ಸವಕ್ಕೂ ಹೋಗುವುದಿಲ್ಲ. ನಾಟಕದ ಮಾತು ಎತ್ತಿದ ದಿನ ಯಜಮಾನರ ಅಕ್ಕ ಲಕ್ಷ್ಮಿಯಮ್ಮಾಳ್ ಮನೆಯಲ್ಲಿದ್ದರು. ಎಲೆ ಅಡಿಕೆ ಉಗಿದು ಬಂದು ನನ್ನ ಎದುರು ಕುಳಿತರು.

"ನಲವತ್ತೆಂಟು ವರ್ಷ ಕರ್ದಾನೆ ನನ್ನ ತಮ್ಮ. ಒಂದು ನಾಳು ಹೋಗಲಿಲ್ಲ ನೀನು. ಈಗ ಯಾರು ಕರೆದರು ಅಂತ ಹೊರಡ್ತೀ, ಪಂಕಜಂ?"

"ತಿಥಿಗೋಸ್ಕರ ಅತ್ತಿಗೆ," ಎಂದೆ.

"ತಿಥಿ ನಾಟಕದ ಕೊಟ್ಟಗೇಲಿ ಸಿಕ್ಕುತ್ತಾ? ಹಾಗಿದ್ರೆ ಐಯರ್ ಯಾಕೆ, ಟಿಕೆಟ್ ಕೊಡೋನನ್ನೇ ಕೂರ್ಸಿ ಮಂತ್ರ ಹೇಳ್ಸು."

ಅಂದಿನಿಂದ ಅವರು ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ಮಗ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಆದರೆ ಜೊತೆಗೆ ಬರುವುದಿಲ್ಲ ಎಂದ. ಬಂದವಳು ಸೊಸೆ ವಿನೋದಿನಿ.

ಕಾರ್ತಿಗೈ ತಿಂಗಳಲ್ಲಿ ಆರ್.ಎಸ್. ಪುರಂಗೇ ಮೊದಲು ಹೋದೆವು. ಮಯಿಲ್‌ಸಾಮಿ ನಮ್ಮನ್ನು ಮೊದಲ ಸಾಲಿಗೆ ಕರೆದೊಯ್ದ. ಎರಡು ಕುರ್ಚಿಗಳನ್ನು ತೋರಿಸಿದ. ಸಭಾದವರು ಅವರಿಗೆ ಯಾವಾಗಲೂ ಎರಡು ಪಾಸ್ ಕೊಡುತ್ತಿದ್ದರಂತೆ, ಒಂದು ಅವರಿಗೆ, ಒಂದು ನನಗೆ. ಹನ್ನೆರಡು ವರ್ಷ ನನ್ನ ಕುರ್ಚಿ ಖಾಲಿಯಾಗಿಯೇ ಇತ್ತು. ಬೇರೆಯವರು ಬಂದು ಕುಳಿತರೆ, ಮನೆಯವರು ಬರುತ್ತಾರೆ ಎಂದು ಇವರು ಎಬ್ಬಿಸುತ್ತಿದ್ದರಂತೆ. ಆ ಶುಕ್ರವಾರವೂ ಒಬ್ಬ ಹುಡುಗನನ್ನು ಹಾಗೆ ಎಬ್ಬಿಸಿ ಹಿಂದೆ ಕಳಿಸಿದರಂತೆ. ಅವರ ಇನ್ನೊಂದು ಪಕ್ಕದಲ್ಲಿ ಗೋಡೆ. ಇನ್ನೂರು ಜನರಲ್ಲಿ ಒಬ್ಬರೂ ಏಕೆ ನೋಡಲಿಲ್ಲ ಎಂದು ಮೂರು ತಿಂಗಳಿಂದ ನಾನು ಮನಸ್ಸಿನಲ್ಲೇ ಎಲ್ಲರನ್ನೂ ಬೈಯುತ್ತಿದ್ದೆ. ಅಲ್ಲಿ ಕುಳಿತ ಮೇಲೆ ಬೈಯುವುದನ್ನು ನಿಲ್ಲಿಸಿದೆ.

ಆ ದಿನ ನಾಟಕ ಏನು ನಡೆಯಿತೋ ನನಗೆ ತಿಳಿಯಲಿಲ್ಲ. ಎರಡನೆಯ ಸಲ ಎಚ್ಚರದಿಂದ ನೋಡಿದೆ. ಅದು ತಿರುಪ್ಪೂರಿನಲ್ಲಿ, ಬನಿಯನ್ ವ್ಯಾಪಾರಿಗಳು ಕಟ್ಟಿಸಿದ ಮಂಟಪದಲ್ಲಿ, ಒಂದು ಭಾನುವಾರ ಬೆಳಿಗ್ಗೆ. ರಾಜರ ಕಾಲದ ನಾಟಕ. ನಾನು ಅವರ ಕೈಗಡಿಯಾರ ಕಟ್ಟಿಕೊಂಡು, ಅವರ ಸಾಲು ಹೇಳುವ ಸಂಗತಿ ರಂಗದ ಮೇಲೆ ಯಾವ ನಿಮಿಷಕ್ಕೆ ಬರುತ್ತದೆ ಎಂದು ಪಕ್ಕದ ಪುಟದಲ್ಲಿ ಕನ್ನಡದಲ್ಲಿ ಗುರುತು ಮಾಡಿದೆ. ಗುರುತು ಮಾಡುವಾಗ ನನ್ನ ಮಾತೂ ಎರಡು ಸೇರಿತು. ಮನೆಗೆ ಬರುವ ಬಸ್ಸಿನಲ್ಲಿ ವಿನೋದಿನಿ ಏನು ಬರೆದಿರಿ ಅತ್ತೆ ಎಂದು ಕೇಳಿದಳು. ಅವಳಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಓದಿ ಹೇಳಿದೆ: "ರಾಜನ ಮೇಲುಹೊದಿಕೆಯ ಜರಿಯಂಚನ್ನು ಒಳಮಗ್ಗುಲು ಹೊರಗೆ ಬರುವಂತೆ ಹೊಲಿದಿದ್ದಾರೆ. ದೂರದವರಿಗೆ ಕಾಣದು ಎಂದುಕೊಂಡಿರಬೇಕು. ರಾಜ ಅತ್ತದ್ದಕ್ಕಿಂತ ಮಂತ್ರಿ ಮೂಗೊರೆಸಿಕೊಂಡದ್ದು ನಿಜವಾಗಿತ್ತು."

ವಿನೋದಿನಿ ನಕ್ಕಳು. ಅವರು ಹೋದ ಮೇಲೆ ನಮ್ಮವರಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ನಕ್ಕು, ಬಾಯಿಗೆ ಸೆರಗು ಇಟ್ಟುಕೊಂಡಳು.

ಅವಳೇ ಅದನ್ನು ತಮಿಳಿನಲ್ಲಿ ಬರೆದು ಮಯಿಲ್‌ಸಾಮಿಯ ಕೈಗೆ ಕೊಟ್ಟಳು. ಸಭಾದವರು ತಿಂಗಳ ಹಾಳೆಯಲ್ಲಿ ಅವರ ಜಾಗದಲ್ಲೇ ಹಾಕಿದರು. ಕೆಳಗೆ 'ಲಿಂಗಪ್ಪನ್ ಮನೆಯವರು' ಎಂದಿತ್ತು. ಮುಂದಿನ ತಿಂಗಳೂ ಕೇಳಿದರು. ಹಾಗೆ ಅವರ ತಿಥಿ ಹುಡುಕಲು ಹೊರಟ ನಾನು ಅವರ ವಿಮರ್ಶೆಯ ಕೆಲಸವನ್ನೂ ಮಾಡತೊಡಗಿದೆ. ಇದರಲ್ಲಿ ನನಗೆ ಸಂತೋಷವಿತ್ತು ಎಂದು ಯಾರೂ ತಿಳಿಯಬಾರದು. ನಾಟಕದಲ್ಲಿ ಯಾರಾದರೂ ಸತ್ತು ಬಿದ್ದರೆ ನನಗೆ ನಟನೆ ಕಾಣುತ್ತಿರಲಿಲ್ಲ, ಅವನ ಉಸಿರಾಟ ಮಾತ್ರ ಕಾಣುತ್ತಿತ್ತು. ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತ ಕೂತಿರುತ್ತಿದ್ದೆ. ಪರದೆ ಬಿದ್ದ ಮೇಲೆ ಅವನು ಎದ್ದು ಬಂದು ಕೈಮುಗಿದರೆ ನನಗೆ ಅವನ ಮೇಲೆ ಕೋಪ ಬರುತ್ತಿತ್ತು.

ಊರೂರಿನ ನಾಟಕದವರು ನನ್ನನ್ನು ಗುರುತಿಸಿ ಮಾತನಾಡಿಸುತ್ತಿದ್ದರು. ಅವರ ಬಾಯಿಂದ ನನ್ನ ಗಂಡನ ಬಗ್ಗೆ ನನಗೆ ತಿಳಿಯದ್ದು ತಿಳಿಯಿತು. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಹೇಳದವರು ಇಲ್ಲಿ ಬಹಳ ಕಟ್ಟುನಿಟ್ಟಿನವರಂತೆ. ಅವರು ಚಪ್ಪಾಳೆ ತಟ್ಟುತ್ತಿರಲಿಲ್ಲವಂತೆ. ಅಭಿನಯ ಮನಸ್ಸಿಗೆ ಹಿಡಿದರೆ ಕೂತಲ್ಲೇ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಇಳಿಸುತ್ತಿದ್ದರಂತೆ. ವರ್ಷಕ್ಕೆ ಎರಡು ಸಲವೋ ಮೂರು ಸಲವೋ. ರಂಗದ ಮೇಲಿನವರಿಗೆ ದೀಪದ ಬೆಳಕಿನಲ್ಲಿ ಮೊದಲ ಸಾಲು ಮಾತ್ರ ಮಸುಕಾಗಿ ಕಾಣುತ್ತದೆ. ಎಲ್ಲರ ಕಣ್ಣೂ ಆ ಕೈಯ ಮೇಲೆ ಇರುತ್ತಿತ್ತಂತೆ.

ಜುಲೈ ನಡುವೆ, ಆನಿ ತಿಂಗಳು ಮುಗಿಯುವಾಗ, ಒಂಬತ್ತರಲ್ಲಿ ಏಳು ನಾಟಕ ನೋಡಿದ್ದೆ. ಅವರ ಕೈಯ ನಡೆ ನನಗೆ ಸ್ಪಷ್ಟವಾಗಿತ್ತು. ದೃಶ್ಯದ ಕೊನೆಯಲ್ಲಿ ಆಗುವ ಸಂಗತಿ ಅವರ ಯಾವ ಸಾಲಿನಲ್ಲೂ ಇರಲಿಲ್ಲ. ದೃಶ್ಯದ ನಡುವೆ ಬರೆಯಲು ತೊಡಗುತ್ತಾರೆ, ದೃಶ್ಯ ಮುಗಿದು ಬೆಳಕು ಕುಗ್ಗುವುದರೊಳಗೆ ಸಾಲು ಮುಗಿಸಿ ಚುಕ್ಕೆ ಇಡುತ್ತಾರೆ. ಏಳು ನಾಟಕಗಳ ನಲವತ್ತಮೂರು ಸಾಲುಗಳಲ್ಲಿ ಒಂದಕ್ಕೂ ಚುಕ್ಕೆ ತಪ್ಪಿರಲಿಲ್ಲ. ಮೂರನೆಯ ದೃಶ್ಯದ ಸಾಲು ಅರ್ಧಕ್ಕೆ ನಿಂತಿದೆ ಎಂದರೆ ಆ ದೃಶ್ಯ ನಡೆಯುತ್ತಿದ್ದಾಗಲೇ ಆಗಬಾರದ್ದು ಆಗಿದೆ. ಇನ್ನು ಆ ನಾಟಕವನ್ನೇ ನೋಡಿ, ಆ ದೃಶ್ಯ ಏಳು ನಲವತ್ತಾರರೊಳಗೆ ಮುಗಿಯುತ್ತದೆಯೇ ಎಂದು ತಿಳಿಯುವುದೊಂದೇ ಬಾಕಿ.

ದೇವಿ ದಾರಿ ತೋರಿದಳು. ವರ್ಷದ ತಿಥಿಗೆ ಹದಿನೇಳು ದಿನ ಉಳಿದಿದ್ದಾಗ, ಮೆಟ್ಟುಪಾಳ್ಯದ ತರಕಾರಿ ಮಂಡಿ ವ್ಯಾಪಾರಿಗಳ ವಾರ್ಷಿಕೋತ್ಸವಕ್ಕೆ ಅದೇ ತಂಡ ಅದೇ ನಾಟಕ ಆಡುತ್ತದೆ ಎಂದು ಮಯಿಲ್‌ಸಾಮಿ ಬಂದು ಹೇಳಿದ. ನಾನೂ ವಿನೋದಿನಿಯೂ ಮಧ್ಯಾಹ್ನದ ಬಸ್ಸಿಗೆ ಹೋದೆವು. ಒಂದು ಮದುವೆ ಮಂಟಪದಲ್ಲಿ ರಂಗ ಕಟ್ಟಿದ್ದರು.

ಮುಚ್ಚಿಹೋದ ಗಿರಣಿಯ ಗೇಟಿನ ಮುಂದೆ, ಒಳಗೆ ಗಂಡ ಇನ್ನೂ ಕೆಲಸ ಮಾಡುತ್ತಿದ್ದಾನೆ ಎಂದು ನಂಬಿ, ದಿನವೂ ಊಟದ ಡಬ್ಬಿ ತಂದು ಕಾಯುವ ಹೆಂಗಸಿನ ಕಥೆ ಅದು. ಗಂಡ ಸತ್ತು ವರ್ಷಗಳಾಗಿವೆ. ಮೂರನೆಯ ದೃಶ್ಯದಲ್ಲಿ ಅವಳು ಕಾವಲುಗಾರನೊಡನೆ ಜಗಳವಾಡುತ್ತಾಳೆ. ನಾಲ್ಕನೆಯದರಲ್ಲಿ ಗೇಟು ತೆರೆಯುವುದಿಲ್ಲ ಎಂದು ತಿಳಿದು, ಅಲ್ಲೇ ನೆಲದ ಮೇಲೆ ಕೂತು, ಡಬ್ಬಿಯ ಅನ್ನವನ್ನು ತಾನೇ ಉಣ್ಣುತ್ತಾಳೆ. ಅಳುತ್ತ ಉಣ್ಣುತ್ತಾಳೆ. ಆ ಪಾತ್ರ ಮಾಡಿದವಳು ಸುಗನ್ಯಾ ಎಂಬ ನಲವತ್ತು ವರ್ಷದ ಹೆಂಗಸು. ಹಗಲು ಅವಿನಾಶಿ ಹತ್ತಿರದ ಬನಿಯನ್ ಕಂಪನಿಯಲ್ಲಿ ಹೊಲಿಗೆ ಕೆಲಸ.

ನಾನು ಗಡಿಯಾರ ನೋಡುತ್ತ ಕೂತೆ. ಮೂರನೆಯ ದೃಶ್ಯ ಶುರುವಾದದ್ದು ನಲವತ್ತೆರಡನೆಯ ನಿಮಿಷಕ್ಕೆ, ಮುಗಿದದ್ದು ಅರವತ್ತೊಂದನೆಯ ನಿಮಿಷಕ್ಕೆ. ಆ ಶುಕ್ರವಾರದ ಹೊತ್ತಿಗೆ ಹೊಂದಿಸಿದರೆ ಏಳು ನಲವತ್ತೊಂದು. ದಶಮಿ ಮುಗಿಯಲು ಇನ್ನೂ ಐದು ನಿಮಿಷ. ಹಾಗಾದರೆ ದಶಮಿಯೇ. ಏಕಾದಶಿಯ ಆಸೆಯನ್ನು ಅಲ್ಲೇ ಬಿಟ್ಟೆ. ಬಿಟ್ಟಾಗ ಮನಸ್ಸು ಹಗುರವಾಯಿತು. ಬರೆಯುತ್ತ ಬರೆಯುತ್ತ, ಸಾಲು ಮುಗಿಯುವುದರೊಳಗೆ, ತಿಳಿಯದಂತೆ ಹೋಗಿದ್ದಾರೆ. ಅದೂ ಒಳ್ಳೆಯ ಸಾವೇ ಎಂದುಕೊಂಡೆ. ಉಳಿದ ನಾಟಕವನ್ನು ಮೊದಲ ಬಾರಿಗೆ ನಾಟಕವಾಗಿಯೇ ನೋಡಿದೆ. ಸುಗನ್ಯಾ ಅನ್ನದ ತುತ್ತು ಎತ್ತಿದಾಗ ನಾನೂ ಅತ್ತೆ.

ಮುಗಿದ ಮೇಲೆ ಅವಳನ್ನು ಕಂಡು ಎರಡು ಮಾತು ಹೇಳಿ ಹೋಗೋಣ ಎಂದು ವಿನೋದಿನಿಯೊಡನೆ ಮಂಟಪದ ಹಿಂದಿನ ಅಡಿಗೆ ಕೋಣೆಗೆ ಹೋದೆ. ನಟರು ಅಲ್ಲಿ ಬಣ್ಣ ತೊಳೆದುಕೊಳ್ಳುತ್ತಿದ್ದರು. ಸುಗನ್ಯಾ ನನ್ನನ್ನು ನೋಡಿ ಎದ್ದು ನಿಂತಳು. ನಾನು ಅವಳ ಕೈ ಹಿಡಿದು, ಚೆನ್ನಾಗಿ ಮಾಡಿದೆ ತಾಯಿ ಎಂದೆ. ಅವಳು ಕೈ ಬಿಡಿಸಿಕೊಂಡಳು.

"ಚೆನ್ನಾಗಿತ್ತು ಅನ್ಬೇಡಿ ಅಮ್ಮಾ. ಆ ನಾಳಿನಿಂದ ನಿಮ್ಮ ಮುಖ ನೋಡೋಕೆ ಭಯ ನನಗೆ. ತಿರುಪ್ಪೂರಿಗೆ ನೀವು ಬಂದಾಗ ನಾನೂ ಬಂದಿದ್ದೆ. ಹಿಂದೆ ಕೂತು ಹಾಗೇ ಹೋದೆ."

ಅವಳೂ ಕನ್ನಡದವಳು ಎಂದು ಆಗಲೇ ಗೊತ್ತಾದದ್ದು. ಏಕೆ ಭಯ ಎಂದು ಕೇಳಿದೆ. ಅವಳು ವಿನೋದಿನಿಯ ಕಡೆ ನೋಡಿದಳು, ಆಮೇಲೆ ನೆಲ ನೋಡುತ್ತ ಹೇಳಿದಳು. ಆ ಶುಕ್ರವಾರ, ಮೂರನೆಯ ದೃಶ್ಯದ ಶುರುವಿನಲ್ಲೇ, ಕಾವಲುಗಾರನ ಮೇಲೆ ಅವಳು ಕೂಗಾಡುತ್ತಿದ್ದಾಗ, ಇವರ ಮಡಿಲಿಂದ ಪುಸ್ತಕ ಜಾರಿ ಕೆಳಗೆ ಬಿದ್ದುದನ್ನು ಅವಳು ರಂಗದ ಮೇಲಿಂದ ಕಂಡಳು. ಇವರು ಅದನ್ನು ಎತ್ತಿಕೊಳ್ಳಲಿಲ್ಲ. ತನ್ನ ಆಟ ಹಿಡಿಸಲಿಲ್ಲ, ಅದಕ್ಕೇ ಬರೆಯುವುದನ್ನೇ ಬಿಟ್ಟಿದ್ದಾರೆ ಎಂದು ಅವಳಿಗೆ ಅವಮಾನವಾಯಿತು. ನಾಲ್ಕನೆಯ ದೃಶ್ಯದಲ್ಲಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಅತ್ತಳು.

"ಆಗ ಅಯ್ಯಾ ಕೈ ಎತ್ತಿದರು ಅಮ್ಮಾ. ನಾನು ಕಂಡೆ. ಯಾವಾಗಲೂ ಎತ್ತಿ ಇಳಿಸಿಬಿಡ್ತಾರೆ, ಅವತ್ತು ಇಳಿಸಲೇ ಇಲ್ಲ. ಮೇಲೇ ಹಿಡ್ಕೊಂಡಿದ್ರು. ಗೆದ್ದೆ ಅಂದುಕೊಂಡೆ. ಅವರ ಕಡೇನೇ ತಿರುಗಿ ಇನ್ನೂ ಜೋರಾಗಿ ಅತ್ತೆ. ಆಮೇಲೆ ಕೈ ಬಿತ್ತು."

ಅವಳು ಮುಂದುವರಿಸಿದಳು: "ಸತ್ತುಹೋದರು ಅಂತ ಆಮೇಲೆ ಹೇಳಿದಾಗಲೂ ನನಗೆ ಹೊಳೀಲಿಲ್ಲ. ಅಯ್ಯಾ ಕಡೆಸಿಯಾಗಿ ಕೈ ಎತ್ತಿದ್ದು ನನಗೇ ಅಂತ ಒಂದು ತಿಂಗಳು ಕಂಪನೀಲಿ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೆ. ಒಂದು ನಾಳು ಮಿಷನ್ ಮುಂದೆ ಕೂತಿರುವಾಗ ಗೊತ್ತಾಯ್ತು. ಅವರು ನನ್ನ ಕರೆದಿದ್ರು."

ಕ್ಷಮಿಸು ಎಂದು ನನ್ನ ಕಾಲು ಹಿಡಿದಳು. ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ನನಗೇ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

"ಯಾವ ತುತ್ತು?" ಎಂದು ಕೇಳಿದೆ.

ಅವಳಿಗೆ ಅರ್ಥವಾಗಲಿಲ್ಲ.

"ಅವರು ಕೈ ಎತ್ತಿದಾಗ ನೀನು ಯಾವ ತುತ್ತು ತಿಂತಾ ಇದ್ದೆ?"

"ಎರಡನೇದು," ಎಂದಳು. "ಮೂರನೇದು ಬಾಯಿಗೆ ಇಡೋ ಹೊತ್ತಿಗೆ ಕೈ ಬಿತ್ತು."

ಎರಡನೆಯ ತುತ್ತು ಎಪ್ಪತ್ತೆರಡನೆಯ ನಿಮಿಷಕ್ಕೆ. ಅದನ್ನೂ ನಾನು ಅಭ್ಯಾಸಬಲದಿಂದ ಗುರುತು ಮಾಡಿಕೊಂಡಿದ್ದೆ. ಏಳು ಐವತ್ತೆರಡು. ದಶಮಿ ಕಳೆದು ಆರು ನಿಮಿಷವಾಗಿತ್ತು.

ಬಸ್ಸಿನಲ್ಲಿ ವಿನೋದಿನಿ ನನ್ನ ಕೈ ಹಿಡಿದುಕೊಂಡು ಕೂತಳು. ಕಾರಮಡೆ ದಾಟಿದ ಮೇಲೆ, ಇದನ್ನು ಅವರಿಗೆ ಹೇಳುವುದು ಬೇಡ ಅತ್ತೆ ಎಂದಳು. ಅವರಿಗೆ ಎಂದರೆ ಕಾರ್ತಿಕೇಯನ್‌ಗೆ. ಬೇಡ ಎಂದೆ. ಮನಸ್ಸು ಮಾತ್ರ ಸುಮ್ಮನಿರಲಿಲ್ಲ. ಪುಸ್ತಕ ಬಿದ್ದದ್ದು ಮೂರನೆಯ ದೃಶ್ಯದ ಜಗಳದಲ್ಲಿ, ಕೈ ಬಿದ್ದದ್ದು ನಾಲ್ಕನೆಯ ದೃಶ್ಯದ ಊಟದಲ್ಲಿ. ನಡುವೆ ಹೆಚ್ಚುಕಡಿಮೆ ಅರ್ಧ ಗಂಟೆ. ಅರ್ಧ ಗಂಟೆ ಅವರಿಗೆ ಜೀವವಿತ್ತು. ಆಸ್ಪತ್ರೆ ಅಲ್ಲಿಂದ ಎರಡು ಬೀದಿ. ಪಕ್ಕದ ಕುರ್ಚಿಯಲ್ಲಿ ನಾನು ಇದ್ದಿದ್ದರೆ ಪುಸ್ತಕ ಬಿದ್ದ ಕೂಡಲೇ ಬಗ್ಗಿ ಎತ್ತಿಕೊಡುತ್ತಿದ್ದೆ, ಮುಖ ನೋಡುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ನಾನು ದೇವಿಯ ಮುಂದೆ ಕಣ್ಣು ಮುಚ್ಚಿ ನಾಮ ಹೇಳುತ್ತಿದ್ದೆ. ನನ್ನ ಮನೆಯವರಿಗೆ ದೀರ್ಘಾಯುಸ್ಸು ಕೊಡು ಎಂಬುದು ದಿನವೂ ನಾನು ಬೇಡುತ್ತಿದ್ದ ವರ.

ಪುರೋಹಿತರಿಗೆ ಮರುದಿನವೇ ಏಕಾದಶಿ ಎಂದು ಹೇಳಿ ಕಳಿಸಿದೆ. ಅವರು, ನಾನು ಮೊದಲೇ ಹೇಳಲಿಲ್ಲವೇ ಅಮ್ಮಾ ಎಂದರಂತೆ. ಹೌದು, ಅವರು ಮೂರನೆಯ ದಿನವೇ ಹೇಳಿದ್ದರು. ಒಂದು ವರ್ಷ ಬಸ್ಸು ಹತ್ತಿ ಇಳಿದು, ಎಂಟು ಕಡೆ ಕೂತು ನೋಡಿ, ನಾನು ಅದೇ ದಿನಕ್ಕೆ ಬಂದು ಸೇರಿದೆ. ಅವರ ಮಾತಿಗೆ ಒಪ್ಪಿದ್ದರೆ ಆ ಅರ್ಧ ಗಂಟೆಯ ವಿಷಯ ನನಗೆ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೆ ಒಳ್ಳೆಯದಾಗುತ್ತಿತ್ತೇ? ಇಲ್ಲ ಎಂದೇ ಈಗಲೂ ಎನಿಸುತ್ತದೆ. ಅವರು ಅನುಭವಿಸಿದ್ದನ್ನು ಮನೆಯವರಲ್ಲಿ ಒಬ್ಬರಾದರೂ ತಿಳಿದಿರಬೇಕು.

ತಿಂಗಳ ಹಾಳೆಗೆ ಆ ನಾಟಕದ ವಿಮರ್ಶೆ ಕೊಡಬೇಕಾಗಿತ್ತು. ನಾಲ್ಕು ದಿನ ಬರೆಯಲಾಗಲಿಲ್ಲ. ಕೆಟ್ಟದಾಗಿ ಬರೆದರೆ ಸುಳ್ಳು. ಕೊನೆಗೆ ಹೀಗೆ ಬರೆದೆ: "ಡಬ್ಬಿಯ ಅನ್ನ ಉಣ್ಣುವ ದೃಶ್ಯದಲ್ಲಿ ಸುಗನ್ಯಾ ಅವರ ಅಭಿನಯ ನಿಜವಾದದ್ದು. ನೋಡಿದವರು ಬೇರೆ ಕಡೆ ಕಣ್ಣು ತಿರುಗಿಸಲಾರರು. ಆದರೆ ನಾಟಕದವರು ಜನರನ್ನೂ ನೋಡಬೇಕು." ವಿನೋದಿನಿ ಕೊನೆಯ ವಾಕ್ಯವನ್ನು ತಮಿಳಿಗೆ ಮಾಡಲು ಹಿಂಜರಿದಳು. ಇರಲಿ, ಬರೆ ಎಂದೆ. ಆಮೇಲೆ ನಾನೇ ಅದನ್ನು ಹೊಡೆದು ಹಾಕಿಸಿದೆ. ಅವಳಿಗೆ ಅಷ್ಟು ಹೇಳಲು ನಾನು ಯಾರು? ಅವರು ಇರುವಾಗ ನಾನು ಸಭಾದ ಬಾಗಿಲವರೆಗೂ ಹೋಗಿರಲಿಲ್ಲ.

ಏಕಾದಶಿಯ ದಿನ ತಿಥಿ ನಡೆಯಿತು. ಲಕ್ಷ್ಮಿಯಮ್ಮಾಳ್ ಬೆಳಿಗ್ಗೆಯೇ ಬಂದು, ಬಾಳೆಎಲೆ ಒರೆಸುತ್ತ, ಬಂದವರಿಗೆಲ್ಲ ಹೇಳುತ್ತಿದ್ದರು: "ನನ್ನ ತಮ್ಮ ಪುಣ್ಯ ಮಾಡಿದ್ದ. ಏಕಾದಶಿ ಹಿಡಿಯೋವರೆಗೂ ಕಾದು ಹೋದ." ನನ್ನ ಕಡೆ ತಿರುಗಿ, "ನೀನು ತಿರುಗಿದ್ದೂ ವೇಸ್ಟ್ ಆಗಲಿಲ್ಲ ಬಿಡು," ಎಂದು ನಮ್ಮ ಮನೆಯ ನೀರು ಕುಡಿದರು. ನಾನು ತಲೆಯಾಡಿಸಿದೆ. ಕಾದರು ಎಂಬುದು ನಿಜ. ಅವರು ಕಾದದ್ದು ಏಕಾದಶಿಗಲ್ಲ.

ಮಗ ದರ್ಭೆ ಹಾಸಿ ಪಿಂಡ ಇಟ್ಟ. ಕಾಗೆಗೆ ಎಡೆ ಇಟ್ಟು ನಾವು ಹಿತ್ತಲಲ್ಲಿ ನಿಂತೆವು. ಮೊದಲು ಒಂದೂ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಒಂದು ಬಂದು, ಪಕ್ಕದ ಮನೆಯ ಸಜ್ಜಾದ ಮೇಲೆ ಕೂತು ನೋಡಿ, ಇಳಿದು ಬಂದು ಮುಟ್ಟಿತು. ಎಲ್ಲರೂ ಊಟಕ್ಕೆ ಒಳಗೆ ಹೋದರು. ನಾನು ಅಲ್ಲೇ ನಿಂತು ಕೈಮುಗಿದೆ.

ತಾಯೇ ಚೌಡೇಶ್ವರಿ, ಸುಗನ್ಯಾಳ ಮೇಲೆ ನನಗಿರುವ ಕೋಪವನ್ನು ನಾನಾಗಿ ಬಿಡಲಾರೆ, ನೀನೇ ತೆಗೆದುಕೋ. ನನ್ನ ತಪ್ಪನ್ನು ನನ್ನ ಲೆಕ್ಕಕ್ಕೇ ಇರಿಸು, ಅವರ ದಾರಿಗೆ ಅಡ್ಡ ಬರಲು ಬಿಡಬೇಡ. ಇಂದು ಇಟ್ಟ ಅನ್ನ ನನ್ನ ಯಜಮಾನರಿಗೆ ಮುಟ್ಟಲಿ. ಆ ಅರ್ಧ ಗಂಟೆಯ ನೋವು ಅವರಿಗೆ ನೆನಪಿಲ್ಲದೆ ಹೋಗಲಿ. ಕರೆದರೆ ಕೇಳುವವರಿರುವ ಕಡೆ ಅವರನ್ನು ಇಡು ತಾಯೇ. ಅವರ ಆತ್ಮಕ್ಕೆ ಶಾಂತಿ ಕೊಡು.